ರಜೆಗೆ ಬರುವ ಜವಾನನಿಗೆ

ಮಗಾ, ರಜೆ ಮಂಜೂರಾಯಿತೆಂದು ನಿಮ್ಮಮ್ಮ ಹೇಳಿದಳು. ಸೇಬು, ಅಕ್ರೋಟು, ತಂಗಿಗೆ ಶಾಲು, ನಿಮ್ಮಪ್ಪನಿಗೆ ಕ್ಯಾಂಟೀನ್ ರಮ್ಮು ಅಂತ ಪಟ್ಟಿ ಆಗಲೇ ಮೊಳದುದ್ದ ಬೆಳೆದಿದೆಯಂತೆ. ಬೆಳೆಯಲಿ, ಬೇಡ ಅನ್ನುವುದಿಲ್ಲ. ಬ್ಯಾಗಿಗೆ ಬೀಗ ಹಾಕುವ ಮುಂಚೆ ದೊಡ್ಡಪ್ಪನ ಮಾತು ಸ್ವಲ್ಪ ಕೇಳು. ಬಟಾಲಿಯನ್ ಆಫೀಸಿನಲ್ಲಿ ಕೂತು ಊರವರ ಟಿಎ (ಪ್ರಯಾಣ ಭತ್ಯೆ) ಬಿಲ್ಲು ಬರೆದೇ ತಲೆ ನರೆಸಿಕೊಂಡವನು ನಾನು.

ನಮ್ಮ ಕಾಲದಲ್ಲಿ ಶ್ರೀನಗರದಿಂದ ಜಮ್ಮುವರೆಗೆ ಕಾನ್ವಾಯ್, ಅಲ್ಲಿಂದಾಚೆ ರೈಲು. ಟ್ರಂಕು, ಹೋಲ್ಡಾಲು ಎರಡನ್ನೂ ಸೀಟಿನ ಕೆಳಗೆ ತಳ್ಳಿ ಮಲಗಿದರೆ ತೂಕ ಕೇಳುವವರೇ ಇರಲಿಲ್ಲ. ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ಕಾನ್ವಾಯ್‌ನ 40 ಮಂದಿ ಪ್ರಾಣ ಕಳೆದುಕೊಂಡ ಮೇಲೆ, 2019ರ ಫೆಬ್ರವರಿ 21ರಂದು ಗೃಹ ಸಚಿವಾಲಯ ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್, ಎಎಸ್‌ಐಗಳಿಗೂ ವಿಮಾನ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿತು. ಡ್ಯೂಟಿಗೂ ಸರಿ, ರಜೆಗೂ ಸರಿ. ಆದರೆ ಆ ಆದೇಶವನ್ನು ಕಣ್ಣಿಟ್ಟು ಓದು. ಅದರಲ್ಲಿರುವುದು ದಿಲ್ಲಿ–ಶ್ರೀನಗರ, ಜಮ್ಮು–ಶ್ರೀನಗರ ಮಾರ್ಗಗಳು, ಹೋಗಿಬರುವುದಕ್ಕೆ. ದಿಲ್ಲಿಯಿಂದ ಬೆಂಗಳೂರು ಅದರಲ್ಲಿಲ್ಲ.

ಹುಡುಗರು ಸಿಕ್ಕಿಬೀಳುವುದು ಇಲ್ಲೇ. ಶ್ರೀನಗರದಿಂದ ದಿಲ್ಲಿಗೆ ಒಂದು ಟಿಕೆಟ್, ದಿಲ್ಲಿಯಿಂದ ಮುಂದಕ್ಕೆ ನೀನೇ ಮಾಡಿಸಿಕೊಂಡ ಇನ್ನೊಂದು ಟಿಕೆಟ್. ಪಿಎನ್‌ಆರ್ ಎರಡಾದರೆ ಲಗೇಜಿನ ಲೆಕ್ಕವೂ ಎರಡು. ದಿಲ್ಲಿಯಲ್ಲಿ ಬೆಲ್ಟಿನಿಂದ ಬ್ಯಾಗು ಇಳಿಸಿಕೊಂಡು ಮತ್ತೆ ಕೌಂಟರಿಗೆ ಹೋಗಿ ತೂಗಿಸಬೇಕು. ಮೊದಲ ವಿಮಾನ ಕಂಪನಿ ಜವಾನನೆಂದು ಹತ್ತು ಕಿಲೋ ಹೆಚ್ಚು ಬಿಟ್ಟಿದ್ದರೆ ಎರಡನೆಯದೂ ಬಿಡಬೇಕೆಂದೇನಿಲ್ಲ. ಸಾಮಾನ್ಯ ಟಿಕೆಟ್ಟಿಗೆ ಒಳಗೆ ಕಳಿಸುವ ಲಗೇಜು 15 ಕಿಲೋ, ಕೈಯಲ್ಲಿ 7 ಕಿಲೋ. ಅದರ ಮೇಲೆ ಕೌಂಟರಿನಲ್ಲಿ ಕಿಲೋಗೆ ಐನೂರಕ್ಕೂ ಹೆಚ್ಚು ಕೀಳುತ್ತಾರೆ. ಹತ್ತು ಕಿಲೋ ಸೇಬಿನ ಪೆಟ್ಟಿಗೆಗೆ ಎರಡು ಕಡೆ ದುಡ್ಡು ಕಟ್ಟಿದೆಯೋ, ಹತ್ತು ಸಾವಿರ ದಾಟಿತು! ಆ ದುಡ್ಡಿಗೆ ಊರಿನ ಸಂತೆಯಲ್ಲೇ ಬೀದಿಗೆಲ್ಲ ಹಂಚುವಷ್ಟು ಸೇಬು ಬರುತ್ತದೆ. ಒಯ್ಯಲೇಬೇಕೆಂದರೆ ಹೆಚ್ಚಿನ ತೂಕವನ್ನು ಆನ್‌ಲೈನಿನಲ್ಲಿ ಮುಂಚೆಯೇ ಕಟ್ಟಿಬಿಡು, ಕೌಂಟರಿನ ದರಕ್ಕಿಂತ ಕಡಿಮೆ ಬೀಳುತ್ತದೆ. ಅಕ್ರೋಟನ್ನು ಅಂಚೆ ಪಾರ್ಸೆಲ್ಲಿಗೆ ಹಾಕು.

ಟಿಕೆಟ್ ಮಾಡಿಸುವಾಗ ಸೈನಿಕರ ರಿಯಾಯಿತಿ ಅಂತ ಬೇರೆ ಆಯ್ಕೆ ಇದ್ದರೆ ಅದನ್ನೇ ಒತ್ತು. ಅರೆಸೇನಾ ಪಡೆಯವರಿಗೂ ಉಂಟೇ, ಲಗೇಜು ಎಷ್ಟು ಬಿಡುತ್ತಾರೆ ಎಂಬುದನ್ನು ಅಲ್ಲೇ ಓದಿಕೋ. ಐಡಿ ಕಾರ್ಡು ಟ್ರಂಕಿನ ತಳದಲ್ಲಿಟ್ಟು ಕೌಂಟರಿಗೆ ಹೋಗಿ ನಿಲ್ಲಬೇಡ. ರಿಯಾಯಿತಿ ಎನ್ನುವುದು ಕಂಪನಿ ತನ್ನಿಷ್ಟದಿಂದ ಕೊಡುವುದು. ನಮ್ಮ ಇಲಾಖೆಯ ಕಾಗದಕ್ಕೆ ಅವರು ಬದ್ಧರಲ್ಲ.

ಅಮೆರಿಕದಲ್ಲೂ ಇದೇ ಕಥೆ. 2011ರ ಜೂನಿನಲ್ಲಿ ಅಫ್ಗಾನಿಸ್ತಾನದಿಂದ ಮರಳುತ್ತಿದ್ದ ಸೈನಿಕರ ತಂಡವೊಂದಕ್ಕೆ ಡೆಲ್ಟಾ ವಿಮಾನ ಕಂಪನಿ ನಾಲ್ಕನೇ ಬ್ಯಾಗಿಗೆ ತಲಾ 200 ಡಾಲರ್ ಹಾಕಿತು. ಒಟ್ಟು 2,800 ಡಾಲರ್ ಮೀರಿತು. ನಾಲ್ಕು ಬ್ಯಾಗು ಒಯ್ಯಬಹುದೆಂದು ಅವರ ಸೇನಾ ಆದೇಶ ಹೇಳುತ್ತಿತ್ತು, ಕಂಪನಿಯ ನಿಯಮದಲ್ಲಿ ಮೂರೇ ಇತ್ತು. ಇಬ್ಬರು ಸೈನಿಕರು ವಿಮಾನದಲ್ಲೇ ಕೂತು ವಿಡಿಯೊ ಮಾಡಿ ಹಾಕಿದರು, ದೇಶವೆಲ್ಲ ಉಗಿಯಿತು, ಡೆಲ್ಟಾ ನಿಯಮ ಬದಲಿಸಿತು. ಅಲ್ಲಿ ಹೆಚ್ಚುವರಿ ಲಗೇಜಿಗೆ ಆದೇಶದಲ್ಲಿ ಅನುಮತಿ ಇದ್ದು ರಸೀದಿ ತಂದರೆ ಸೇನೆ ದುಡ್ಡು ವಾಪಸ್ ಕೊಡುತ್ತದೆ. ಮನೆಗೆ ಒಯ್ಯುವ ಸೇಬಿಗೆ ನಮ್ಮ ಸರ್ಕಾರ ಕೊಡುತ್ತದೆಂದು ಮಾತ್ರ ಕನಸು ಕಾಣಬೇಡ. ಇಲಾಖೆಯ ಸಾಮಾನು ಒಯ್ಯಲು ಹೇಳಿದರೆ, ಹೊರಡುವ ಮುಂಚೆಯೇ ಮೂವ್‌ಮೆಂಟ್ ಆರ್ಡರಿನಲ್ಲಿ ಬರೆಸಿಕೋ.

ಕೌಂಟರಿನಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ರೇಗಬೇಡ ಮಾರಾಯ. 2025ರ ಜುಲೈಯಲ್ಲಿ ನಿಮ್ಮ ಶ್ರೀನಗರದಲ್ಲೇ ಒಬ್ಬ ಸೇನಾಧಿಕಾರಿಯ ಕೈಚೀಲಗಳು 16 ಕಿಲೋ ತೂಗಿದವು. ಹೆಚ್ಚಿನ ದುಡ್ಡು ಕೇಳಿದ್ದಕ್ಕೆ ಹೊಡೆದಾಟವಾಗಿ ಸಿಬ್ಬಂದಿ ನಾಲ್ವರಿಗೆ ಗಾಯ, ಆ ಅಧಿಕಾರಿಯ ಮೇಲೆ ಪೊಲೀಸ್ ಕೇಸು. ಒಂಬತ್ತು ಕಿಲೋಗೋಸ್ಕರ! ಕಾನ್‌ಸ್ಟೇಬಲ್ ಮೇಲೆ ಅಂಥ ಕೇಸಾದರೆ ನೌಕರಿಗೇ ಕುತ್ತು.

ಇನ್ನು ಪ್ಯಾಕಿಂಗು. ಹಳೆ ಯೂನಿಫಾರ್ಮಿನ ಜೇಬು, ಪಿಟ್ಟು ಬ್ಯಾಗಿನ ಅರೆಗಳನ್ನೆಲ್ಲ ಒಳಗು ಹೊರಗು ಮಾಡಿ ಕೊಡವು. ಫೈರಿಂಗ್ ರೇಂಜಿನಿಂದ ಬಂದ ಒಂದು ಖಾಲಿ ತೋಟಾ ಮೂಲೆಯಲ್ಲಿ ಉಳಿದಿದ್ದರೂ ಎಕ್ಸ್‌ರೇಯಲ್ಲಿ ಕಾಣುತ್ತದೆ. ಆಮೇಲೆ ವಿಮಾನ ಹೋಗುತ್ತದೆ, ನೀನು ಹೇಳಿಕೆ ಬರೆಯುತ್ತಾ ಕೂರುತ್ತೀಯ. ಶ್ರೀನಗರದಲ್ಲಂತೂ ಟರ್ಮಿನಲ್ಲು ಮುಟ್ಟುವ ಮುಂಚೆ ಗೇಟಿನಲ್ಲೇ ಎಲ್ಲ ಸಾಮಾನು ಇಳಿಸಿ ತಪಾಸಣೆ ಮಾಡುತ್ತಾರೆ, ಬೇಗ ಹೊರಡು. ರಮ್ಮನ್ನು ಚೆಕ್‌ಇನ್ ಬ್ಯಾಗಿನಲ್ಲಿ ಇಡಬಹುದು, ತಲೆಗೆ ಐದು ಲೀಟರ್‌ವರೆಗೆ, ಸೀಲು ಒಡೆದಿರಬಾರದು. ಸ್ವೆಟರಿನಲ್ಲಿ ಸುತ್ತಿಡು, ಬಿಲ್ಲು ಜೊತೆಗಿರಲಿ. ಅದರ ತೂಕವೂ 15 ಕಿಲೋದೊಳಗೇ ಬರುತ್ತದೆಂದು ನಿಮ್ಮಪ್ಪನಿಗೂ ತಿಳಿಸು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮುಂದೆ ಟ್ರಾನ್ಸ್‌ಫರ್ ಆದಾಗ ಪಾತ್ರೆ, ಹಾಸಿಗೆಯೆಲ್ಲ ವಿಮಾನಕ್ಕೆ ಎಳೆಯಬೇಡ. ನಿನ್ನ ವೇತನ ಶ್ರೇಣಿಗೆ 1,500 ಕಿಲೋ ಮನೆ ಸಾಮಾನು ಸಾಗಿಸುವ ಖರ್ಚು ಕೇಳಲು ಹಕ್ಕಿದೆ, ಲಾರಿಯವನ ಹತ್ತಿರ ಬಿಲ್ಲು ತಗೋ.

ಬೋರ್ಡಿಂಗ್ ಪಾಸ್ ಹರಿದು ಬಿಸಾಡುವ ಚಾಳಿ ಈಗಿನ ಹುಡುಗರಿಗೆಲ್ಲ ಇದೆ. ಸರ್ಕಾರದ ಟಿಕೆಟ್ಟಿನದನ್ನು ಕ್ಲೈಮಿಗೆಂದು ಡೈರಿಯೊಳಗೆ ಇಟ್ಟುಕೋ, ಮೊಬೈಲಿನಲ್ಲಿರುವುದಾದರೆ ಪಿಡಿಎಫ್ ಮಾಡಿ ನನಗೂ ಒಂದು ಕಳಿಸು. ಡ್ಯೂಟಿ, ಟ್ರಾನ್ಸ್‌ಫರ್ ಪ್ರಯಾಣದ ಟಿಎ ಕ್ಲೈಮಿಗೆ ಮೊದಲು ಒಂದು ವರ್ಷದ ಗಡುವಿತ್ತು. 2018ರಲ್ಲಿ ಅದನ್ನು 60 ದಿನಕ್ಕೆ ಇಳಿಸಿದ್ದಾರೆ.