ಶಾಲು ಆಮೇಲೆ, ಮೊದಲು ಮೈದಾನ

ನಮ್ಮ ದಾವಣಗೆರೆಯಲ್ಲಿ ಸನ್ಮಾನಕ್ಕೆ ಯಾವತ್ತೂ ಬರಗಾಲ ಬಿದ್ದಿಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿಯೇ ಇರುತ್ತವೆ; ಒಂದು ವೇದಿಕೆ, ಒಂದು ಮೈಕು ಸಿಕ್ಕರೆ ಆಯಿತು. ನೀವು ಮೂವರೂ ಹರಿಹರದಿಂದ ಇಲ್ಲಿಗೆ ಡಿಗ್ರಿ ಓದಲು ಬರುತ್ತಿದ್ದೀರಿ, ಓದಿನ ಜೊತೆ ಆಟಕ್ಕೂ ಇಳಿಯಬೇಕೆಂದಿದ್ದೀರಿ ಅಂತ ಗೊತ್ತಾದಾಗ ನನಗೆ ಮೊದಲು ನೆನಪಾದದ್ದೇ ಆ ಶಾಲು. ಒಬ್ಬಳು ವೀಲ್‌ಚೇರಿನಲ್ಲಿ, ಒಬ್ಬನಿಗೆ ಕಣ್ಣು ಕಾಣದು, ಮೂರನೆಯವನು ಇಬ್ಬರಿಗೂ ಗೆಳೆಯ. ಮೊದಲ ತಿಂಗಳಲ್ಲೇ ಯಾರಾದರೂ ನಿಮ್ಮನ್ನು ವೇದಿಕೆಗೆ ಕರೆಯುತ್ತಾರೆ, ನೋಡುತ್ತಿರಿ. ಹೋಗಿ, ಹೊದಿಸಿಕೊಳ್ಳಿ. ಕರೆಯುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಅದಕ್ಕೂ ಮುಂಚೆ ಕಾಲೇಜಿನಲ್ಲಿ ಒಂದು ಅರ್ಜಿ ಕೊಟ್ಟಿರಿ: ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಆರರಿಂದ ಏಳೂವರೆ, ಮೈದಾನದ ಒಂದು ಭಾಗ ನಮಗೆ ಬೇಕು ಅಂತ. ವಾಲಿಬಾಲ್ ತಂಡಕ್ಕೆ, ಕಬಡ್ಡಿ ತಂಡಕ್ಕೆ ಸಮಯ ಗೊತ್ತು ಮಾಡಿದ ಹಾಗೆ ನಿಮಗೂ ಗೊತ್ತು ಮಾಡಲಿ. ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಾಯಿಮಾತಿನ ಒಪ್ಪಿಗೆ ಪ್ರಾಂಶುಪಾಲರು ವರ್ಗವಾದ ದಿನವೇ ಅವರ ಜೊತೆ ಹೋಗುತ್ತದೆ.

ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ವಿಭಾಗ ನೋಡಿಕೊಂಡು ತಲೆ ನರೆಸಿಕೊಂಡವನು ನಾನು. ಅದಕ್ಕೇ ಹೇಳುವುದು. ಚಪ್ಪಾಳೆ ಸಿಕ್ಕಿಯೂ ಆಟ ಕೈಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ದಿನವೂ ಮೈದಾನ ಸಿಕ್ಕು ಕೈಬಿಟ್ಟವರು ಅಪರೂಪ.

ಇದು ದಯೆಯ ಪ್ರಶ್ನೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕ್ರೀಡೆಗೆಂದೇ 30ನೇ ಕಲಂ ಇದೆ; ಮೈದಾನ, ಸೌಲಭ್ಯ, ತರಬೇತಿ ಎಲ್ಲವನ್ನೂ ವಿಕಲಚೇತನರಿಗೆ ಹೊಂದುವಂತೆ ಮಾಡಬೇಕು ಎನ್ನುತ್ತದೆ. 32ನೇ ಕಲಂ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡುತ್ತದೆ. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ, ಆದರೆ ವಿನಯವಾಗಿ. ನಮ್ಮ ಕಚೇರಿಗಳಲ್ಲಿ ಕಾನೂನನ್ನು ಮೆಲ್ಲಗೆ ಹೇಳಿದರೆ ಕೇಳುತ್ತಾರೆ, ಜೋರಾಗಿ ಹೇಳಿದರೆ ಫೈಲು ಕೆಳಗೆ ಹೋಗುತ್ತದೆ.

ಕೇಳಿ ಪಡೆಯುವುದು ಹೊಸ ಪದ್ಧತಿಯೇನೂ ಅಲ್ಲ. 1948ರ ಜುಲೈ 29ರಂದು, ಅತ್ತ ಲಂಡನ್ ಒಲಿಂಪಿಕ್ಸ್ ಶುರುವಾಗುವ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ವೀಲ್‌ಚೇರಿನ 16 ಜನರನ್ನು ಬಿಲ್ಲುಗಾರಿಕೆಗೆ ಕೂರಿಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗೇಲ್ಸ್‌ಬರ್ಗ್ ಕ್ಯಾಂಪಸ್ಸಿನಲ್ಲಿ ಟಿಮ್ ನ್ಯೂಜೆಂಟ್ ಎಂಬಾತ ಯುದ್ಧದಲ್ಲಿ ಗಾಯಗೊಂಡು ಬಂದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ತಂಡ ಮಾಡಿದ. ಮರುವರ್ಷವೇ ಆ ಕ್ಯಾಂಪಸ್ ಮುಚ್ಚಿದರು. ಹುಡುಗರು ಸುಮ್ಮನೆ ಮನೆಗೆ ಹೋಗಲಿಲ್ಲ. ಪ್ರತಿಭಟಿಸಿದರು, ಕೊನೆಗೆ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ಸಿನಲ್ಲೇ ಜಾಗ ಪಡೆದರು.

ದೂರದ ಮಾತು ಯಾಕೆ, ನಮ್ಮ ಮಾಲತಿ ಹೊಳ್ಳ ಇದ್ದಾರಲ್ಲ. ಕೂಸಿದ್ದಾಗಲೇ ಪೋಲಿಯೋ, ಮೈಮೇಲೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಬೆಂಗಳೂರಿನ ಮಹಾರಾಣಿ ಕಾಲೇಜಿಗೆ ಸೇರಿದಾಗ ಅವರ ತರಗತಿ ಇದ್ದದ್ದು ಮಹಡಿಯ ಮೇಲೆ. ಪ್ರಾಂಶುಪಾಲರನ್ನು ಕೇಳಿ ತರಗತಿಯನ್ನೇ ಕೆಳಗಿಳಿಸಿಕೊಂಡರು ಎಂಬುದು ಅವರ ಜೀವನಕಥೆಯಲ್ಲಿ ಬರುತ್ತದೆ. ಆಮೇಲೆ ಬ್ಯಾಂಕಿನ ನೌಕರಿ, 1988ರ ಸೋಲ್ ಪ್ಯಾರಾಲಿಂಪಿಕ್ಸ್, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಜನ ಪದ್ಮಶ್ರೀಯ ಫೋಟೋ ಹಾಕುತ್ತಾರೆ. ನೀನು ಆ ಕೆಳಗಿಳಿದ ತರಗತಿಯನ್ನು ನೆನಪಿಟ್ಟುಕೋ ತಾಯಿ.

ಈಗ ಏನು ಆಡುವುದು? ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡಬೇಕೆಂದು ನಿನಗೆ ಆಸೆ. ಮೊಬೈಲಿನಲ್ಲಿ ನೋಡಿದ್ದೀಯ, ಯಾರಿಗಾದರೂ ಆಸೆಯಾಗಬೇಕಾದ ಆಟವೇ. ಆದರೆ ಒಂದು ತಂಡಕ್ಕೆ ಐದು ಜನ, ಐದು ಆಟದ ಕುರ್ಚಿ. ಆಸ್ಪತ್ರೆಯ ಕುರ್ಚಿಯಲ್ಲಿ ಅದನ್ನು ಆಡಲು ಹೋದರೆ ಮೊದಲ ತಿರುವಿಗೇ ಮಗುಚುತ್ತೀ. ಆಟದ ಕುರ್ಚಿಯ ಗಾಲಿಗಳು ಕೆಳಗೆ ಅಗಲವಾಗಿ ಓರೆ ಇರುವುದು ಅದಕ್ಕೇ. ಅದರ ಬೆಲೆ ಒಂದು ಕಾಲೇಜಿನ ಕ್ರೀಡಾ ನಿಧಿಗೆ ಸುಲಭವಾಗಿ ನಿಲುಕುವಂಥದ್ದಲ್ಲ. ದಾವಣಗೆರೆ, ಹರಿಹರದ ಕಾಲೇಜುಗಳೆಲ್ಲ ಸೇರಿ ಒಂದು ತಂಡ ಮಾಡುವ ಕಾಲ ಬಂದರೆ ನೋಡೋಣ. ಅಲ್ಲಿಯವರೆಗೆ ಗುಂಡು ಎಸೆತ ಹಿಡಿ.

ಕುಳಿತು ಎಸೆಯುವವರಿಗೆ ಬೇಕಾದದ್ದು ಒಂದು ಕಬ್ಬಿಣದ ಪೀಠ. ಮೆತ್ತೆ ಸೇರಿ ಎತ್ತರ 75 ಸೆಂಟಿಮೀಟರ್ ಮೀರಬಾರದು. ಕೂರುವ ಜಾಗ ಚೌಕವೋ ಆಯತವೋ ಆಗಿದ್ದು ಪ್ರತಿ ಬದಿ ಕನಿಷ್ಠ 30 ಸೆಂಟಿಮೀಟರ್ ಇರಬೇಕು. ಎಡಗೈಯಲ್ಲಿ ಹಿಡಿಯಲು ಒಂದು ನೆಟ್ಟನೆಯ ಸರಳು. ಅದು ಬಾಗಬಾರದು, ಅಲ್ಲಾಡಬಾರದು. ಪೀಠವನ್ನು ನೆಲಕ್ಕೆ ಬಿಗಿಯಲು ಕೊಕ್ಕೆ, ನಿನ್ನನ್ನು ಪೀಠಕ್ಕೆ ಬಿಗಿಯಲು ಬೆಲ್ಟು. ಎಸೆಯುವಾಗ ಪೃಷ್ಠ ಮೇಲೆದ್ದರೆ ಎಸೆತ ಫೌಲು. ಇಷ್ಟೇ. ಇದನ್ನು ದಿಲ್ಲಿಯಿಂದ ತರಿಸುವುದು ಬೇಡ. 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮೆಷಿನ್ ಮಾಡಿದ ಊರು ನಿಮ್ಮದು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು, ಆದರೆ ಅಲ್ಲಿ ಕೈ ಪಳಗಿದವರು, ಅವರ ಹತ್ತಿರ ಕೆಲಸ ಕಲಿತವರು ಹರಿಹರದಲ್ಲಿ ಇನ್ನೂ ಇದ್ದಾರೆ. ಅಂಥವರೊಬ್ಬರನ್ನು ಹುಡುಕಿ ಅಳತೆ ಬರೆದುಕೊಟ್ಟರೆ ಮಿಲಿಮೀಟರ್ ತಪ್ಪದೆ ಮಾಡಿಕೊಡುತ್ತಾರೆ. ಇಂಥದೊಂದು ಆಟ ಇದೆಯೆಂದು ಕೇಳಿ ಅವರಿಗೂ ಹುರುಪು ಬಂದೀತು. ನಿನ್ನ ಕುಳಿತ ಅಳತೆ, ಕಾಲಿನ ಉದ್ದ, ಬೆನ್ನು ಎಲ್ಲಿಯವರೆಗೆ ಹಿಡಿತದಲ್ಲಿದೆ ಎಂಬುದನ್ನು ಮಾತ್ರ ಫಿಸಿಯೋಥೆರಪಿ ಬಲ್ಲವರಿಂದ ಮೊದಲು ಬರೆಸಿಕೋ. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ ಅಂತಾರಲ್ಲ, ಅದು ದಾವಣಗೆರೆಯಲ್ಲೇ ಇದೆ. ಸರಿಯಾದ ಮೆತ್ತೆಯ ವಿಚಾರವನ್ನೂ ಅಲ್ಲೇ ಕೇಳು.

ಮೆತ್ತೆ ಅಂದೆನಲ್ಲ, ಅದನ್ನು ಹಗುರವಾಗಿ ತಗೋಬೇಡ. ನಿನ್ನ ಹಾಗೆ ಬೆನ್ನುಹುರಿಗೆ ಪೆಟ್ಟಾದವರಿಗೆ ಕೂತ ಜಾಗದಲ್ಲಿ ನೋವು ಗೊತ್ತಾಗುವುದಿಲ್ಲ. ಹುಣ್ಣಾದ ಮೇಲೆಯೇ ತಿಳಿಯುವುದು, ಅಷ್ಟೊತ್ತಿಗೆ ತಿಂಗಳುಗಟ್ಟಲೆ ಮಲಗಬೇಕಾದ ಪಾಡು. ತರಗತಿಯಲ್ಲಿ ಪಾಠ ನಡೆಯುವಾಗಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈ ಎತ್ತಿ ಇಳಿಸು. ಮೇಷ್ಟ್ರು ಏನಾದರೂ ಅಂದುಕೊಳ್ಳಲಿ. ಇನ್ನು ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಪೆಟ್ಟು ಬಿದ್ದ ಮಟ್ಟದಿಂದ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಬೇರೆಯವರಿಗೆ ಬರೀ ಸೆಖೆ ಅನ್ನಿಸುವ ಹೊತ್ತಿಗೆ ನಿನಗೆ ತಲೆ ಸುತ್ತಿರುತ್ತದೆ. ಕುತ್ತಿಗೆಗೆ ಒದ್ದೆ ಟವೆಲು, ಕೈಯಲ್ಲಿ ನೀರು ಸಿಂಪಡಿಸುವ ಬಾಟಲಿ ಇರಲಿ. ಎಂಟು ಗಂಟೆಯ ಮೇಲೆ ಬಯಲಿನಲ್ಲಿ ಅಭ್ಯಾಸ ಬೇಡ.

ಇನ್ನೊಂದು ಮಾತು, ಹೆಣ್ಣುಮಕ್ಕಳು ನಮ್ಮಂಥ ಮುದುಕರಿಗೆ ಹೇಳಲು ನಾಚುವಂಥದ್ದು. ಶೌಚಾಲಯಕ್ಕೆ ಹೋಗುವುದು ಕಷ್ಟ ಅಂತ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಮುಟ್ಟದ ಹುಡುಗಿಯರು ಎಷ್ಟೋ ಜನ. ಹಾಗೆ ಮಾಡಬೇಡ, ಮೂತ್ರಪಿಂಡಕ್ಕೆ ಪೆಟ್ಟು. ಕಾಲೇಜಿಗೆ ಸೇರಿದ ವಾರವೇ ಒಂದು ಅಳತೆ ಟೇಪು ಹಿಡಿದು ಮೂವರೂ ಒಂದು ಸುತ್ತು ಹಾಕಿ. ಶೌಚಾಲಯದ ಬಾಗಿಲು 90 ಸೆಂಟಿಮೀಟರ್ ಅಗಲ ಇದೆಯೇ, ಒಳಗೆ ಕುರ್ಚಿ ತಿರುಗುತ್ತದೆಯೇ, ಹೊಸ್ತಿಲಲ್ಲಿ ಮೆಟ್ಟಿಲಿದೆಯೇ ಬರೆದುಕೊಳ್ಳಿ. ರ‍್ಯಾಂಪ್ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ತಪಾಸಣೆಗೆ ಬರುವವರಿಗೆ ತೋರಿಸಲೆಂದು ಕಟ್ಟಿದ ಎಷ್ಟೋ ರ‍್ಯಾಂಪುಗಳು ಮಕ್ಕಳ ಜಾರುಬಂಡಿಯ ಹಾಗಿರುತ್ತವೆ. ಅಂಕಿ ಸಮೇತ ಬರೆದುಕೊಟ್ಟರೆ ಇಂಜಿನಿಯರಿಗೆ ನೆಪ ಹೇಳಲು ಕಷ್ಟ. ಬಸ್ಸಿನದ್ದು ಬೇರೆ ಗೋಳು. ಶಕ್ತಿ ಯೋಜನೆಯಲ್ಲಿ ನಿನಗೆ ಟಿಕೆಟ್ಟಿಲ್ಲ, ಮೆಟ್ಟಿಲು ಮಾತ್ರ ಇದ್ದ ಹಾಗೇ ಇದೆ. ಹತ್ತಿಸುವವರು ಸಿಗುತ್ತಾರೆ, ಹೇಗೆ ಎತ್ತಬೇಕು ಅನ್ನುವುದನ್ನು ನೀನೇ ಹೇಳು, ಅವರಿಗೆ ಬಿಡಬೇಡ.

ತಮ್ಮ, ಈಗ ನಿನ್ನ ಓಟ. ನಿನಗಿಂತ ಹೆಚ್ಚಾಗಿ ನಿನ್ನ ಜೊತೆ ಹಗ್ಗ ಹಿಡಿಯುವವನಿಗೆ ಹೇಳುವುದಿದೆ. ಅಪ್ಪಾ, ನೀನು ಮಾಡುತ್ತಿರುವುದು ಸೇವೆ ಅಂತ ಯಾರಾದರೂ ಹೊಗಳಿದರೆ ನಂಬಬೇಡ. ಗೈಡ್ ರನ್ನರ್ ಅನ್ನುವುದೂ ಆಟಗಾರನ ಕೆಲಸವೇ. ಅವನಿಗಿಂತ ನೀನು ವೇಗವಾಗಿ ಓಡಬಲ್ಲವನಾಗಿರಬೇಕು. ಅವನು ಏದುಸಿರು ಬಿಡುವಾಗ ನೀನು ತಿರುವು, ಅಂತರ, ಪಕ್ಕದವನ ಸುಳಿವು ಹೇಳುತ್ತಾ ಹೋಗಬೇಕು. ಇಬ್ಬರೂ ಹಿಡಿದ ಹಗ್ಗ ಬಿಡುವ ಹಾಗಿಲ್ಲ, ಎಳೆಯುವ ಹಾಗಿಲ್ಲ, ತಳ್ಳುವ ಹಾಗಿಲ್ಲ, ಗೆರೆಯನ್ನು ಅವನಿಗಿಂತ ಮೊದಲು ದಾಟುವ ಹಾಗಿಲ್ಲ. ಪ್ಯಾರಿಸ್ 2024ರ ಪ್ಯಾರಾಲಿಂಪಿಕ್ಸ್ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕೊಂಗೋಸ್ತ್ ಮೂರನೆಯವಳಾಗಿ ಬರುತ್ತಿದ್ದಳು. ಗೆರೆ ಕಣ್ಣಳತೆಯಲ್ಲಿರುವಾಗ ಗೈಡ್‌ಗೆ ಸ್ನಾಯು ಹಿಡಿದು ಮುಗ್ಗರಿಸಿದ. ಅವನನ್ನು ಹಿಡಿಯಲು ಆಕೆ ಒಂದು ಗಳಿಗೆ ಹಗ್ಗ ಬಿಟ್ಟಳು, ಅಂದು ಕಂಚು ಹೋಯಿತು. ನಿಯಮ ಕ್ರೂರವಾಯಿತು ಅಂತ ಲೋಕವೆಲ್ಲ ಅಂದಿತು, ನನಗೂ ಹಾಗೇ ಅನ್ನಿಸಿತು. ಆದರೆ ನೀನು ಅದರಿಂದ ತಿಳಿಯಬೇಕಾದದ್ದು ಬೇರೆ: ಅವನಷ್ಟೇ ದೂರ, ಅವನಷ್ಟೇ ಬೆಳಗಿನ ಜಾವ ನೀನೂ ಓಡಿರಬೇಕು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರಿನಲ್ಲಿ ಚಿನ್ನ ಗೆದ್ದರು. ಅವರ ತರಬೇತುದಾರ ರಾಹುಲ್ ಬಾಲಕೃಷ್ಣ ಅವರಿಗೆ ಗೈಡ್ ಆಗಿಯೂ ಓಡಿದವರು.

ಮಳೆಗಾಲದಲ್ಲಿ ಓಟ ನಿಂತರೆ ಗೋಲ್‌ಬಾಲ್ ಆಡಿ. ಅದರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಂದರೆ ವಾಲಿಬಾಲ್ ಅಂಕಣವೇ. ಒಳಾಂಗಣ ಇರುವ ಕಾಲೇಜಿನವರನ್ನು ಕೇಳಿಕೊಳ್ಳಿ. ಗೆರೆಯ ಕೆಳಗೆ ಹುರಿ ಇಟ್ಟು ಟೇಪು ಅಂಟಿಸಿದರೆ ಬೆರಳಿಗೆ ಗೆರೆ ಸಿಗುತ್ತದೆ. ಒಳಗೆ ಗೆಜ್ಜೆ ಇರುವ 1.25 ಕಿಲೋ ಚೆಂಡು, ಒಂದೊಂದು ಬದಿಗೆ ಮೂರು ಮೂರು ಜನ, ಎಲ್ಲರ ಕಣ್ಣಿಗೂ ಪಟ್ಟಿ. ಕಣ್ಣಿದ್ದವರೂ ಪಟ್ಟಿ ಕಟ್ಟಿಕೊಂಡು ಅಭ್ಯಾಸಕ್ಕೆ ಇಳಿಯಬಹುದು, ಹಾಗಾಗಿ ಜೊತೆಗಾರರಿಗೆ ಕೊರತೆಯಿಲ್ಲ. ನೋಡುವವರು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಇದು ನಮ್ಮ ಕಾಲೇಜು ಹುಡುಗರಿಗೆ ಎಲ್ಲಕ್ಕಿಂತ ಕಷ್ಟದ ಭಾಗ.

ಕಾಗದದ ವಿಚಾರದಲ್ಲಿ ಒಂದೇ ಎಚ್ಚರಿಕೆ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನಲ್ಲಿ ವೈಕಲ್ಯ ಶೇಕಡಾ 40 ಅಥವಾ ಮೇಲೆ ಇದ್ದರೆ ಸೀಟಿಗೆ, ಕೆಲಸದ ಮೀಸಲಾತಿಗೆ ನಡೆಯುತ್ತದೆ. ಕ್ರೀಡೆಗೆ ಅದು ಸಾಲದು. ಅಲ್ಲಿ ವರ್ಗೀಕರಣದವರು ನಿನ್ನ ಮೈಯ ಬಲ, ಹಿಡಿತ, ಚಲನೆ ನೋಡಿ ಗುಂಪು ಕೊಡುತ್ತಾರೆ: ಕುಳಿತು ಎಸೆಯುವವರಿಗೆ ಎಫ್51ರಿಂದ ಎಫ್57, ದೃಷ್ಟಿದೋಷದ ಓಟಗಾರರಿಗೆ ಟಿ11ರಿಂದ ಟಿ13. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ವಿನೋದ್ ಕುಮಾರ್ ಎಫ್52 ಡಿಸ್ಕಸ್ ಎಸೆತದಲ್ಲಿ ಮೂರನೆಯವರಾದರು. ಮರುದಿನ ಅವರ ಮೈ ಆ ಗುಂಪಿಗೆ ಹೊಂದದು ಎಂದು ತೀರ್ಮಾನವಾಗಿ ಕಂಚು ಕೈತಪ್ಪಿತು. ಆದ್ದರಿಂದ ಹಳೆಯ ಆಸ್ಪತ್ರೆ ಕಾಗದ, ಎಂಆರ್‌ಐ, ಡಿಸ್ಚಾರ್ಜ್ ಚೀಟಿ ಯಾವುದನ್ನೂ ಬಿಸಾಡಬೇಡಿ, ಮತ್ತು ಪರೀಕ್ಷೆಯ ದಿನ ಇದ್ದ ಬಲವನ್ನು ಇದ್ದಷ್ಟೇ ತೋರಿಸಿ. ಗುಂಪು ಇಳಿಸಿಕೊಳ್ಳಲು ದಾರಿ ಇದೆ ಎಂದು ಕಿವಿಯೂದುವವರು ಬರುತ್ತಾರೆ. ಅಂಥವರ ಫೋನ್ ನಂಬರೂ ಇಟ್ಟುಕೊಳ್ಳಬೇಡಿ.

ಓದು ಬಿಡಬೇಡಿ. ಹಾಸನದ ಸುಹಾಸ್ ಯತಿರಾಜ್ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಐಎಎಸ್ ಆಗಿ, ಬ್ಯಾಡ್ಮಿಂಟನ್ನಿನಲ್ಲಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ತಂದರು. ಪದಕದಿಂದ ನೌಕರಿ ಸಿಕ್ಕೀತು ಎಂದು ಕಾಯುವುದಕ್ಕಿಂತ ಅವರ ದಾರಿ ನನಗೆ ಹೆಚ್ಚು ಭದ್ರ ಅನ್ನಿಸುತ್ತದೆ.

ನಿಮಗೆ ಯಾರು ಕಲಿಸುತ್ತಾರೋ ಅವರು ಬೈಯುತ್ತಾರೆಯೇ ನೋಡಿಕೊಳ್ಳಿ. ಉಳಿದ ಹುಡುಗರಿಗೆ ‘ಮೊಣಕೈ ಬೀಳಿಸಬೇಡೋ’ ಎಂದು ಗದರಿ ನಿಮಗೆ ಮಾತ್ರ ‘ಪರವಾಗಿಲ್ಲಮ್ಮ, ಭಾಗವಹಿಸಿದ್ದೇ ದೊಡ್ಡದು’ ಎನ್ನುವವರಿಂದ ನೀವು ಏನೂ ಕಲಿಯುವುದಿಲ್ಲ. ನಮ್ಮ ಗರಡಿ ಮನೆಗಳಲ್ಲಿ ಉಸ್ತಾದ್ ಯಾರ ಮುಲಾಜೂ ನೋಡುತ್ತಿರಲಿಲ್ಲ. ಹಾಗೆಯೇ ಕಲಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.

ಹಾಸನ ಜಿಲ್ಲೆಯವರೇ ಇನ್ನೊಬ್ಬರು, ಎಚ್.ಎನ್. ಗಿರೀಶ. ಲಂಡನ್ 2012ರ ಎತ್ತರ ಜಿಗಿತದಲ್ಲಿ ಅವರು ದಾಟಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ದೆಲಾನ ದಾಟಿದ್ದೂ 1.74, ಮೂರನೆಯವನದ್ದೂ ಅಷ್ಟೇ. ಯಾರು ಕಡಿಮೆ ಸಲ ಎಡವಿದರು ಎಂಬ ಲೆಕ್ಕದಲ್ಲಿ ಚಿನ್ನ, ಬೆಳ್ಳಿ, ಕಂಚು ಹಂಚಿಹೋಯಿತು. ಹಾಗಾಗಿ ಅಭ್ಯಾಸದ ಪುಸ್ತಕದಲ್ಲಿ ದಿನದ ಅತ್ಯುತ್ತಮ ಎಸೆತ ಬರೆಯಬೇಡ ತಾಯಿ, ಮೊದಲನೆಯದನ್ನು ಬರೆ. ಮೈ ಬಿಸಿಯಾದ ಮೇಲೆ, ಗೆಳೆಯರು ಕೂಗಿದ ಮೇಲೆ ಹೋದ ಎಸೆತ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ತಮ್ಮನದ್ದು ಗಡಿಯಾರದ ಲೆಕ್ಕ, ಅವನಿಗೂ ಅದೇ: ಮೊದಲ ಸುತ್ತಿನ ಸಮಯ. ದಸರಾ ರಜೆಗೆ ಊರಿಗೆ ಹೋಗುವ ಮುಂಚೆ ಎರಡೂ ಪುಸ್ತಕ ನನಗೆ ತೋರಿಸಿ ಹೋಗಿ.