ಮ್ಯೂನಿಕ್‌ಗೆ ಕರಿ ಇಶಾಡು ಬೇಡ

ಪ್ರಶ್ನೆ: ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಹಗಲು ನಾವಿಬ್ಬರೇ ಓಡಾಡಬೇಕು, ಸಾಮಾನು ತರಬೇಕು. ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಏನೇನು ಎಚ್ಚರ ಬೇಕು?
–ಓದುಗರು, ಹಬ್ಬುವಾಡ, ಕಾರವಾರ

ಉತ್ತರ: ಮೊದಲು ಚೀಲದ ವಿಷಯ. ಮಗಳಿಗೆ ಅಂಕೋಲೆಯ ಕರಿ ಇಶಾಡು ಮಾವು ಒಯ್ಯುವ ಆಸೆ ಬಿಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಮಾವು, ಕರಿಬೇವು ಐರೋಪ್ಯ ಒಕ್ಕೂಟದೊಳಗೆ ಹೋಗುವುದಿಲ್ಲ. ತುಪ್ಪ, ಪೇಡೆಗೂ ತಡೆ. ಮನೆಬಳಕೆಯ ಒಣಮೀನಿಗೆ ಅಡ್ಡಿಯಿಲ್ಲ. ವಾಸನೆ ಬಾರದಂತೆ ಕಟ್ಟುವುದು ನಿಮ್ಮ ಜಾಣತನ!

ಮ್ಯೂನಿಕ್‌ನ ಮೆಟ್ರೊ ನಿಲ್ದಾಣಗಳಲ್ಲಿ ಗೇಟಿಲ್ಲ. ಹಾಗೆಂದು ಸುಮ್ಮನೆ ಹತ್ತಬೇಡಿ, ತಪಾಸಕರು ಮಫ್ತಿಯಲ್ಲೂ ಬರುತ್ತಾರೆ. ದಂಡ 60 ಯೂರೊ. ಕಾಗದದ ಟಿಕೆಟ್ ಮೇಲೆ ದಿನ, ಹೊತ್ತು ಅಚ್ಚಾಗಿರದಿದ್ದರೆ ಹತ್ತುವ ಮೊದಲು ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಗುಂಪಿನ ದಿನದ ಟಿಕೆಟ್ ಒಂದರಲ್ಲೇ ಐವರು ದೊಡ್ಡವರು ಓಡಾಡಬಹುದು.

ಭಾನುವಾರ ಅಂಗಡಿಗಳು ಬಂದ್. ಶನಿವಾರವೇ ಹಾಲು, ತರಕಾರಿ ತಂದಿಡಿ. ವಿಕ್ಟುಅಲಿಯನ್‌ಮಾರ್ಕ್ಟ್ ಸಂತೆಯಲ್ಲಿ ಹಣ್ಣು ಹಿಚುಕಿ ನೋಡುವಂತಿಲ್ಲ, ಬೆರಳು ತೋರಿಸಿದರೆ ಅವರೇ ಕೊಡುತ್ತಾರೆ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್.

ಒಂದೇ ಅಂಗಡಿಯಲ್ಲಿ 50 ಯೂರೊ ಮೀರಿ ಖರೀದಿಸಿದರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಾತಿಯ ಫಾರಂ ಕೇಳಿ. ಹಿಂದಿರುಗುವಾಗ ಆ ಸಾಮಾನನ್ನು ಕಸ್ಟಮ್ಸ್‌ನವರಿಗೆ ತೋರಿಸಬೇಕು.

ಟಿಕೆಟ್ ಮಾಡಿಸುವ ಮೊದಲೇ ನಿಮ್ಮ ವೈದ್ಯರನ್ನು ಕಾಣಿ. ಔಷಧಗಳ ಹೆಸರಿರುವ ಇಂಗ್ಲಿಷ್ ಪತ್ರ ಪಡೆಯಿರಿ, ಹೊತ್ತು ಬದಲಾದಾಗ ಡೋಸ್ ಹೇಗೆಂದು ಕೇಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಹಳೆಯ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.