ಕೂಸಿನ ಕಡಲಯಾನಕ್ಕೆ ಅವಸರ ಬೇಡ

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಐದು ತಿಂಗಳ ಮಗಳನ್ನು ಕರೆದುಕೊಂಡು ಮುಂದಿನ ವಾರ ಮಯಾಮಿಯಿಂದ ಕೆರಿಬಿಯನ್ ಕ್ರೂಸ್‌ಗೆ ಹೋಗಬಹುದೇ?

ಉತ್ತರ: ನಿಮ್ಮ ಆಸೆ ಸಹಜವಾದದ್ದೇ, ಆದರೆ ಈಗ ಬೇಡ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಹೆಚ್ಚಿನವು ಹಡಗು ಹೊರಡುವ ದಿನಕ್ಕೆ ಮಗುವಿಗೆ 6 ತಿಂಗಳು ತುಂಬಿರಬೇಕೆನ್ನುತ್ತವೆ. ಸಾಗರ ದಾಟುವ ದೀರ್ಘ ಯಾನಗಳಿಗೆ ಸಾಮಾನ್ಯವಾಗಿ 12 ತಿಂಗಳು. ಈ ನಿಯಮಕ್ಕೆ ಗಟ್ಟಿ ಕಾರಣವಿದೆ. ಇಕ್ಕಟ್ಟಾದ ಜಾಗದಲ್ಲಿ ಸಾವಿರಾರು ಜನ ಒಟ್ಟಿಗಿರುವ ಹಡಗಿನಲ್ಲಿ ನೊರೊವೈರಸ್‌ನಂಥ ಸೋಂಕಿನ ವಾಂತಿಭೇದಿ ಬೇಗ ಹರಡುತ್ತದೆ. ದೊಡ್ಡವರು ಎರಡು ದಿನ ನರಳಿ ಎದ್ದು ಕೂರುತ್ತಾರೆ. ಎಳೆಗೂಸಿನ ದೇಹ ಕೆಲವೇ ಗಂಟೆಗಳಲ್ಲಿ ನೀರಿನಂಶ ಕಳೆದುಕೊಳ್ಳಬಲ್ಲದು.

ಹಡಗಿನಲ್ಲೇ ವೈದ್ಯರಿರುತ್ತಾರಲ್ಲ ಎನ್ನಬಹುದು. ನಿಜ, ಆದರೆ ಅಲ್ಲಿರುವುದು ತುರ್ತು ಚಿಕಿತ್ಸೆಯ ಚಿಕ್ಕ ಕ್ಲಿನಿಕ್; ಶಿಶುಗಳ ತೀವ್ರ ನಿಗಾ ಘಟಕಕ್ಕೆ ದಡವನ್ನೇ ಸೇರಬೇಕು. ಎಳೆಗೂಸುಗಳನ್ನು ವಿಮಾನದಲ್ಲಿ ಕರೆದೊಯ್ಯುವುದಿಲ್ಲವೇ ಎಂಬ ಮಾತೂ ಇದೆ. ವಿಮಾನ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಹಡಗು ದಿನಗಟ್ಟಲೆ ನಡುಕಡಲಲ್ಲಿರಬಹುದು. ಕಡಲಬೇನೆಯ ಭಯ ಮಾತ್ರ ಬೇಡ, ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬರುವುದು ಅಪರೂಪ. ಹಾಗೆಂದು ಕಡಲಬೇನೆಗೆ ನೀವು ನುಂಗುವ ಮಾತ್ರೆಯನ್ನು ಮಗುವಿಗೆ ಕೊಡಬೇಡಿ. ಅಂಥ ಔಷಧಗಳಲ್ಲೊಂದಾದ ಪ್ರೊಮೆಥಜೀನ್ ಈ ವಯಸ್ಸಿನಲ್ಲಿ ಉಸಿರಾಟವನ್ನೇ ಕುಗ್ಗಿಸಬಹುದು.

ಮಗುವಿಗೆ ವರ್ಷ ತುಂಬಲಿ, ಲಸಿಕೆಗಳಾಗಲಿ. ಆಮೇಲೆ ಮೂರು-ನಾಲ್ಕು ದಿನಗಳ, ಬಂದರುಗಳು ಹತ್ತಿರವಿರುವ ಯಾನ ಆರಿಸಿಕೊಳ್ಳಿ. ಡಯಾಪರ್ ಹಾಕಿದ ಮಕ್ಕಳನ್ನು ಸಾಮಾನ್ಯ ಈಜುಕೊಳಕ್ಕೆ ಬಿಡುವುದಿಲ್ಲವೆಂಬುದು ನೆನಪಿರಲಿ. ಮಕ್ಕಳ ವೈದ್ಯರನ್ನು ಕಂಡು, ಓಆರ್‌ಎಸ್ ಪೊಟ್ಟಣಗಳನ್ನೂ ತುರ್ತು ಸಾಗಣೆಯ ವಿಮೆಯನ್ನೂ ಜೊತೆಗಿಟ್ಟುಕೊಂಡೇ ಹೊರಡಿ.